ಬೋಟಿನ ಗೂಡಿಗೆ ಒಂಬತ್ತು ಸಾಮಾನು

ನನ್ನ ಅಡುಗೆಮನೆ ಎಷ್ಟು ದೊಡ್ಡದೆಂದರೆ, ಒಲೆಯ ಮುಂದೆ ನಿಂತು ಎರಡು ಮೊಣಕೈ ಬಿಡಿಸಿದರೆ ಎರಡು ಗೋಡೆಗೂ ತಾಗುತ್ತದೆ. ತಲೆಯ ಮೇಲೆ ಫೈಬರಿನ ಮಾಡು, ಕಾಲಿನ ಕೆಳಗೆ ಹಲಗೆ, ಹಲಗೆಯ ಕೆಳಗೆ ನೇತ್ರಾವತಿ. ಈ ಒಲೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಸಿಕ್ಕಿದ್ದು. ಯಾರೂ ಕರೆದು ಕೊಟ್ಟದ್ದಲ್ಲ, ನಾನೇ ಹಟ ಹಿಡಿದು ತೆಗೆದುಕೊಂಡದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಈಗ ಇದರ ಕಥೆ ಬೇರೆ ಬೇರೆ ರೀತಿಯಲ್ಲಿ ಓಡಾಡುತ್ತಿದೆ.

ಅದಕ್ಕೂ ಹಿಂದೆ ಇಪ್ಪತ್ತಾರು ವರ್ಷ ನಾನು ಮದುವೆ ಅಡುಗೆಯ ಗುಂಪಿನಲ್ಲಿದ್ದೆ. ಶಿರ್ತಾಡಿಯಲ್ಲಿ ನನ್ನ ಮನೆ. ಬೆಳುವಾಯಿ, ಪುತ್ತಿಗೆ, ಮೂಡುಬಿದಿರೆ, ಎಲ್ಲಿ ಮದುವೆಯ ಹಾಲ್ ಇದೆಯೋ ಅಲ್ಲಿ ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದಲೇ ಹೊರಗೆ ಬಂದವಳು. ನನ್ನ ಕೆಲಸ ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಮಸಾಲೆ ಹುರಿದು ಅರೆಯುವುದು, ಕುದಿಯುವ ಪಾತ್ರೆಯ ಬಳಿ ನಿಂತು ತಳ ಹಿಡಿಯದ ಹಾಗೆ ನೋಡಿಕೊಳ್ಳುವುದು. ಅಡುಗೆ ಮಾತ್ರ ಯಜಮಾನರದ್ದು. ನಮ್ಮ ಗುಂಪಿನ ಮುಖ್ಯ ಅಡುಗೆಯವರನ್ನು ನಾವು ಹಾಗೆ ಕರೆಯುತ್ತಿದ್ದೆವು, ಎದುರಿಗೆ ಅಣ್ಣ ಎನ್ನುತ್ತಿದ್ದೆವು.

ಅಡುಗೆ ಅವರದ್ದು ಎಂದು ಹೇಗೆ ಗೊತ್ತಾಗುತ್ತದೆ? ಉಪ್ಪಿನಿಂದ. ಸಾವಿರ ಜನರ ಸಾಂಬಾರಿಗೆ ಇಬ್ಬರು ಉಪ್ಪು ಹಾಕಿದರೆ ಮದುವೆ ಮನೆಯವರ ಮಾನ ಹೋಗುತ್ತದೆ. ಅದಕ್ಕಾಗಿ ಉಪ್ಪು ಒಬ್ಬರ ಕೈಯದ್ದು ಮಾತ್ರ. ಎಲ್ಲ ಬೆಂದ ಮೇಲೆ ನಾವು ಹೆಂಗಸರು "ಅಣ್ಣಾ, ಉಪ್ಪಿಗಾಯ್ತು" ಎಂದು ಕೂಗಬೇಕು. ಅವರು ಎಲ್ಲಿದ್ದರೂ ಎದ್ದು ಬರುತ್ತಾರೆ, ಬೊಗಸೆಯಲ್ಲಿ ಉಪ್ಪು ತೆಗೆದು ಹಾಕುತ್ತಾರೆ, ಒಮ್ಮೆ ತಿರುಗಿಸಿ ಹೋಗುತ್ತಾರೆ. ಅಷ್ಟಕ್ಕೆ ಅಡುಗೆ ಅವರದ್ದಾಯಿತು. ಮಸಾಲೆಗೆ ಮೆಣಸು ಎಷ್ಟು, ಕೊತ್ತಂಬರಿ ಎಷ್ಟು ಎಂದು ಅಳೆದವಳು ನಾನು, ಹೊಗಳಿಸಿಕೊಂಡವರು ಅವರು. ಇದು ನನಗೆ ಸಿಟ್ಟು ತರಿಸುತ್ತಿತ್ತು. ಇಪ್ಪತ್ತಾರು ವರ್ಷ ತರಿಸಿತು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಹಾಗೆ ಮುಚ್ಚಿಕೊಂಡದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ನನ್ನ ಅಕ್ಕನ ಮಗ ಗಲ್ಫಿನಲ್ಲಿ ಟಗ್ ಬೋಟಿನ ಕೆಲಸದಲ್ಲಿದ್ದವನು. ಅಲ್ಲಿಂದ ಬಂದವನೇ ಬಂಟ್ವಾಳದಲ್ಲಿ ಒಂದು ಹಳೆಯ ಬೋಟು ಕೊಂಡು, ಮಾಡು ಕಟ್ಟಿಸಿ, ಕುಳಿತುಕೊಳ್ಳಲು ಬೆಂಚು ಹಾಕಿಸಿದ. ರಜೆಯಲ್ಲಿ ಬರುವ ಕುಟುಂಬಗಳನ್ನು ಹೊಳೆಯ ಮೇಲೆ ಸುತ್ತಾಡಿಸಿ, ಬೋಟಿನಲ್ಲೇ ಬಿಸಿ ಊಟ ಹಾಕುವುದು ಅವನ ಯೋಜನೆ. ಹಿಂಭಾಗದಲ್ಲಿ ಎರಡು ಒಲೆಯ ಗ್ಯಾಸ್ ಸ್ಟವ್ ಇಟ್ಟು, ಸುತ್ತ ಕಬ್ಬಿಣದ ಕಂಬಿ ಬಡಿಸಿದ್ದ. ಅದನ್ನು ಅವನು ಗ್ಯಾಲಿ ಎಂದ. ನನಗೆ ಕೋಳಿಗೂಡಿನ ನೆನಪಾಯಿತು, ನಾನು ಗೂಡು ಎಂದೆ.

"ಅಡುಗೆಗೆ ಯಾರು?" ಎಂದು ಕೇಳಿದೆ.

"ನಿಮ್ಮ ಯಜಮಾನರಲ್ಲಿ ಮಾತಾಡಿದ್ದೇನೆ ಚಿಕ್ಕಮ್ಮ. ಅವರು ಒಬ್ಬ ಜನ ಕಳಿಸ್ತಾರೆ."

"ಯಾಕೆ, ನಾನು ಸತ್ತಿದ್ದೇನಾ?"

ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಅವನಿಗೂ ಗೊತ್ತಾಯಿತು. "ಹಾಗಲ್ಲ ಚಿಕ್ಕಮ್ಮ, ಬೋಟು ಅಲ್ಲಾಡ್ತದೆ. ಜಾಗ ಇಲ್ಲ. ನೀವೆಲ್ಲ ಹಂಡೆಯಲ್ಲಿ ಅಡುಗೆ ಮಾಡಿದವರು. ಇದು ಹತ್ತು ಜನರ ಊಟ, ಆ ಗೂಡಿನಲ್ಲಿ ನಿಮ್ಮಿಂದ ಆಗ್ಲಿಕ್ಕಿಲ್ಲ" ಎಂದ.

ಆಗ್ಲಿಕ್ಕಿಲ್ಲ ಎಂಬ ಮಾತನ್ನು ನನ್ನ ಎದುರು ಹೇಳಬಾರದು. ಅಲ್ಲೇ ಮಾತಾಯಿತು. ಮುಂದಿನ ತಿಂಗಳ ಒಂದು ಭಾನುವಾರ ಮನೆಯವರನ್ನೇ ಕೂರಿಸಿಕೊಂಡು ಬೋಟು ಒಮ್ಮೆ ಹೋಗಿಬರುವುದು, ಅಡುಗೆ ನನ್ನದು. ಯಜಮಾನರೂ ಬಂದು ಉಣ್ಣಲಿ. ಊಟ ಸರಿಯಾದರೆ ಒಲೆ ನನಗೆ, ಕೆಟ್ಟರೆ ಯಜಮಾನರ ಜನಕ್ಕೆ. ಒಂದೇ ಕಟ್ಟಳೆ ಹಾಕಿದ. ನನ್ನ ಪಾತ್ರೆಗಳೆಲ್ಲ ಒಲೆಯ ಪಕ್ಕದ ಆ ಒಂದು ಕಪಾಟಿನೊಳಗೆ ಹಿಡಿಯಬೇಕು, ಹೊರಗೆ ಒಂದು ಚಮಚವೂ ಉರುಳಾಡಬಾರದು. ನಾನು ಕಪಾಟಿನ ಅಳತೆಯನ್ನು ಗೇಣಿನಲ್ಲಿ ತೆಗೆದುಕೊಂಡು ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ಅವನು ಮೊಬೈಲಿನಲ್ಲಿ ತರಿಸಿದ ಪೆಟ್ಟಿಗೆಯೊಂದು ಮನೆಗೆ ಬಂತು. ಒಂದರೊಳಗೊಂದು ಕೂರುವ ಐದು ಪಾತ್ರೆ, ಎಲ್ಲದಕ್ಕೂ ಸೇರಿ ಒಂದೇ ಹಿಡಿ, ಬೇಕಾದಾಗ ಸಿಕ್ಕಿಸುವುದು, ಬೇಡವಾದಾಗ ತೆಗೆಯುವುದು. ನೋಡಲು ಚಂದ. ಬೋಟಿನವರಿಗೆಂದೇ ಮಾಡಿದ್ದಂತೆ. ಯಾವ ದೇಶದ ಬೋಟಿನವರೋ, ಅವರು ಏನು ಉಣ್ಣುತ್ತಾರೋ. ಅದರ ಅತಿ ದೊಡ್ಡ ಪಾತ್ರೆಯಲ್ಲಿ ನಾನು ಅರ್ಧ ಸೇರು ಕುಚ್ಚಲಕ್ಕಿ ಹಾಕಿ ಬೇಯಿಸಿದೆ. ಅಕ್ಕಿ ಅರಳಿ ಮುಚ್ಚಳವನ್ನು ಎತ್ತಿತು, ಗಂಜಿ ಉಕ್ಕಿ ಒಲೆಯೇ ಆರಿತು. ಬಸಿಯಲು ಎತ್ತಿದರೆ ಹಿಡಿ ಟಕ್ ಎಂದು ಸದ್ದು ಮಾಡಿತು. ಕಳಚಿತೋ ಇಲ್ಲವೋ ನೋಡುವ ಧೈರ್ಯ ನನಗಿರಲಿಲ್ಲ, ಹಾಗೇ ಕೆಳಗಿಟ್ಟೆ. ಪೆಟ್ಟಿಗೆಯನ್ನು ತೊಳೆದು ಒರೆಸಿ ಅವನ ಹೆಂಡತಿಗೆ ಕೊಟ್ಟೆ. ಆದರೆ ಒಂದರೊಳಗೊಂದು ಎಂಬ ಬುದ್ಧಿಯನ್ನು ನಾನು ಇಟ್ಟುಕೊಂಡೆ, ಅದನ್ನು ಇಲ್ಲವೆನ್ನುವುದಿಲ್ಲ.

ಮೂಡುಬಿದಿರೆಯ ಸ್ಟೀಲ್ ಅಂಗಡಿಯವರಿಗೆ ನಾನು ಹಳೆಯ ಪರಿಚಯ. ಮೆಟ್ಟಿಲು ಹತ್ತುವಾಗಲೇ ಒಳಗಿನ ದೊಡ್ಡ ಕೊಪ್ಪರಿಗೆಯನ್ನು ಎಳೆಯಲು ಹೊರಟರು.

"ಯಾರ ಮದುವೆ ಅಕ್ಕ?"

"ಮದುವೆ ಇಲ್ಲ. ಸಣ್ಣ ಟೋಪು ಕೊಡಿ, ಕಿವಿ ಇರಬಾರದು, ಹಿಡಿ ಇರಬಾರದು, ತಳ ಅಗಲ ಇರಬೇಕು, ಬಾಯಿ ಒಳಗೆ ಬಂದಿರಬೇಕು."

"ಮನೆ ಬೇರೆ ಆಯ್ತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಹೆಂಗಸು ಸಣ್ಣ ಪಾತ್ರೆ ಕೇಳಿದರೆ ಮನೆ ಒಡೆದಿರಬೇಕು ಎಂದು ಲೆಕ್ಕ. ಬೋಟಿಗೆ ಎಂದೆ. ಅವರು ನನ್ನ ಮುಖ ನೋಡಿ, ಕೊಪ್ಪರಿಗೆಯನ್ನು ಒಳಗೆ ತಳ್ಳಿದರು.

ನಾನು ಒಂದು ಚೊಂಬು ನೀರು ತರಿಸಿ, ಟೋಪಿನಲ್ಲಿ ಮುಕ್ಕಾಲು ಹೊಯ್ದು, ಕೌಂಟರಿನ ಮೇಲಿಟ್ಟು ಆಚೆ ಈಚೆ ಅಲ್ಲಾಡಿಸಿದೆ. ಮೊದಲ ಟೋಪು ಅಂಗಡಿಯವರ ರಸೀದಿ ಪುಸ್ತಕವನ್ನು ನೆನೆಸಿತು. ಎರಡನೆಯದೂ ಹೊರಗೆ ಚೆಲ್ಲಿತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮಾಡಿದವನು ಬೋಟು ಹತ್ತಿದವನಲ್ಲ. ಏಳನೆಯ ಟೋಪಿನಲ್ಲಿ ನೀರು ಒಳಗೇ ಸುತ್ತಿ ನಿಂತಿತು. "ಇದರದ್ದೇ ಜಾತಿಯಲ್ಲಿ ಇನ್ನೆರಡು ಸಣ್ಣದು ಕೊಡಿ" ಎಂದೆ. ಮೂರೂ ಒಂದರೊಳಗೊಂದು ಕೂತವು. ಅಂಗಡಿಯವರು ರಸೀದಿ ಪುಸ್ತಕವನ್ನು ಫ್ಯಾನಿನ ಕೆಳಗಿಟ್ಟು, ಇನ್ನು ಮದುವೆಗೆ ಮಾತ್ರ ಬನ್ನಿ ಮಾರಾಯ್ತಿ ಎಂದರು.

ಅನ್ನದ ಪ್ರಶ್ನೆ ದೊಡ್ಡದು. ಬೆಳ್ತಿಗೆ ಅನ್ನ ಮಾಡಿ ಚಿಕ್ಕಮ್ಮ, ಬೇಗ ಆಗ್ತದೆ ಎಂದು ಅಕ್ಕನ ಮಗ ನಾಲ್ಕು ಸಲ ಫೋನು ಮಾಡಿದ. ನಾನು ಒಪ್ಪಲಿಲ್ಲ. ನಮ್ಮ ಹೊಳೆಯ ಮೇಲೆ ನಮ್ಮ ಮೀನಿನ ಸಾರಿಗೆ ಬೆಳ್ತಿಗೆಯ ಬಿಳಿ ಅನ್ನ ಹಾಕಿ ಕೊಡಲು ನಾನೇ ಬೇಕಾಗಿಲ್ಲ. ಆದರೆ ಕುಚ್ಚಲಕ್ಕಿ ಬೇಯಲು ಗ್ಯಾಸ್ ಎಷ್ಟು ಬೇಕು, ಅಲ್ಲಾಡುವ ಬೋಟಿನಲ್ಲಿ ಅಷ್ಟು ಹೊತ್ತು ಕುದಿಯುವ ನೀರನ್ನು ಕಾಯುವವರು ಯಾರು? ಇದಕ್ಕೆ ಉತ್ತರ ನನ್ನ ಮನೆಯ ಮೂಲೆಯಲ್ಲೇ ಇತ್ತು. ಈಗ ಊರಿನ ಎಷ್ಟೋ ಮನೆಗಳಲ್ಲಿ ಬಿಸಿ ಹೊರಗೆ ಬಿಡದ ಒಂದು ಡ್ರಮ್ ಇದೆ. ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯ ಸಮೇತ ಅದರೊಳಗೆ ಇಳಿಸಿ ಮುಚ್ಚಿದರೆ ಆಯಿತು, ಬೆಂಕಿ ಇಲ್ಲದೆ ತನ್ನಷ್ಟಕ್ಕೆ ಬೇಯುತ್ತದೆ. ನಮ್ಮ ಅಜ್ಜಿ ಇದನ್ನೇ ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಮಾಡುತ್ತಿದ್ದಳು. ಬೆಳ್ತಂಗಡಿಯಲ್ಲಿ ಹುಡುಕಿ ಅದರಲ್ಲಿ ಅತಿ ಸಣ್ಣದನ್ನು ಒಳಪಾತ್ರೆಯ ಸಮೇತ ತಂದೆ. ಬೋಟು ಬಿಡುವ ಮೊದಲು ದಡದಲ್ಲೇ ಕುದಿಸಿ ಮುಚ್ಚಿದರೆ ಊಟದ ಹೊತ್ತಿಗೆ ಅನ್ನ ತಯಾರು, ಒಲೆ ಸಾರಿಗೆ ಖಾಲಿ.

ಬೆಂದ ಅನ್ನವನ್ನು ಬಸಿಯಬೇಕಲ್ಲ, ಆ ಗಂಜಿನೀರು, ತೆಳಿ, ಎಲ್ಲಿಗೆ? ಹೊಳೆಗೆ ಚೆಲ್ಲಿ ಎಂದ ಅಕ್ಕನ ಮಗ. ಕೆಳಗೆ ಎಷ್ಟು ಊರು ಅದೇ ನೀರು ಕುಡಿಯುತ್ತದೆ ಎಂದು ಅವನಿಗೆ ಬೈದೆ. ತೆಳಿಯನ್ನು ಚೆಲ್ಲುವ ಅಭ್ಯಾಸವೂ ನಮಗಿಲ್ಲ, ಅದು ಹಟ್ಟಿಯ ದನದ ಪಾಲು. ಡೈರಿಗೆ ಹಾಲು ಕೊಡುವ ಕ್ಯಾನು ಒಂದು ಹಳೆಯದು ನನ್ನಲ್ಲಿತ್ತು, ಮುಚ್ಚಳ ಬಿಗಿ, ಬೈಕಿಗೆ ಸಿಕ್ಕಿಸಿ ಹೊಂಡದ ರಸ್ತೆಯಲ್ಲಿ ಹೋದರೂ ಒಂದು ಹನಿ ಹೊರಗೆ ಬರುವುದಿಲ್ಲ. ಅದನ್ನೇ ಹುಣಸೆಹುಳಿ ಹಾಕಿ ಉಜ್ಜಿ ತೆಗೆದಿಟ್ಟೆ. ಬಸಿಯಲು ಡ್ರಮ್ಮಿನ ಒಳಪಾತ್ರೆಯ ಬಾಯಿಗೆ ಸರಿಯಾಗಿ ಕೂರುವ ತೂತಿನ ತಟ್ಟೆಯೊಂದು ಬೆಳ್ತಂಗಡಿಯ ಸಂತೆಯಲ್ಲಿ ಸಿಕ್ಕಿತು.

ಅದೇ ದಿನ ವೆಲ್ಡಿಂಗ್ ಅಂಗಡಿಗೂ ಹೋದೆ. ಮದುವೆ ಅಡುಗೆಯಿಂದ ನನಗೆ ಉಳಿದಿದ್ದ ಒಂದೇ ಆಸ್ತಿ ಒಂದು ಉದ್ದ ಹಿಡಿಯ ಸೌಟು. ಯಜಮಾನರ ಹಳೆಯದು, ಬಾಗಿದ್ದೆಂದು ಬಿಸಾಡಿದಾಗ ನಾನು ಎತ್ತಿಕೊಂಡದ್ದು. ಎರಡೂವರೆ ಅಡಿ ಹಿಡಿ. ಗೂಡಿನಲ್ಲಿ ಅದನ್ನು ತಿರುಗಿಸಿದರೆ ಮಾಡಿಗೆ ತೂತು. "ಇಲ್ಲಿಗೆ ಕತ್ತರಿಸಿ" ಎಂದು ಗೇಣು ಇಟ್ಟು ತೋರಿಸಿದೆ. ಒಳ್ಳೆಯ ಸೌಟು ಅಕ್ಕ, ಯಾಕೆ ಹಾಳು ಮಾಡ್ತೀರಿ ಎಂದ ಆತ. ನೀನು ಕತ್ತರಿಸು ಮಾರಾಯ ಎಂದೆ. ಕಿಡಿ ಹಾರಿ ಹಿಡಿ ತುಂಡಾಗಿ ಬಿದ್ದಾಗ ನನಗೆ ತುಂಬಾ ಸಂತೋಷವಾಯಿತು.

ಮನೆಯಲ್ಲಿದ್ದ ಕಬ್ಬಿಣದ ಸಣ್ಣ ಬಾಣಲೆ, ಸಾಂಬಾರ ಪದಾರ್ಥದ ಡಬ್ಬಿ ಸೇರಿಸಿದರೆ ಒಟ್ಟು ಒಂಬತ್ತು ಸಾಮಾನು. ಡ್ರಮ್, ಮೂರು ಟೋಪು, ತೂತಿನ ತಟ್ಟೆ, ಬಾಣಲೆ, ಕ್ಯಾನು, ಡಬ್ಬಿ, ಸೌಟು. ಅಂಗಳದಲ್ಲಿ ಎರಡು ತೆಂಗಿನಕಾಯಿಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ನಿಂತು, ಪಾತ್ರೆ ಎತ್ತಿ ಇಳಿಸಿ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು ಗೇಟಿನ ಬಳಿ ನಿಂತು ನೋಡಿದರು. ನೋಡಲಿ. ಎರಡು ಸಲ ಬಿದ್ದೆ, ಮೂರನೆಯ ಸಲ ಬೀಳಲಿಲ್ಲ.

ಆ ಭಾನುವಾರ ಬಂಟ್ವಾಳದ ದಡದಲ್ಲಿ ಅಕ್ಕನ ಮಗನ ಮನೆಯವರು, ಅವನ ಮಾವನ ಮನೆಯವರು, ಎಲ್ಲ ಸೇರಿ ಹತ್ತು ಜನ. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಗೂಡಿನ ಬಾಗಿಲಿಗೆ ಹತ್ತಿರದ ಬೆಂಚಿನಲ್ಲೇ ಕುಳಿತರು. ಕಪಾಟಿನ ಒಳಗೆ ಒಮ್ಮೆ ಇಣುಕಿ ನೋಡಿದರು. "ಇದು ಮಕ್ಕಳಾಟದ ಸಾಮಾನಾ?" ಎಂದರು. ಎಲ್ಲರೂ ನಕ್ಕರು. ಅವರು ಕೆಟ್ಟವರಲ್ಲ, ಆದರೆ ಕೊಪ್ಪರಿಗೆ ಇಲ್ಲದ ಅಡುಗೆಯನ್ನು ಅಡುಗೆ ಎಂದು ಒಪ್ಪುವವರೂ ಅಲ್ಲ.

ಬೋಟು ಹೊಳೆಯ ಮೇಲ್ಗಡೆಗೆ ಹೊರಟಿತು. ಅನ್ನ ಡ್ರಮ್ಮಿನಲ್ಲಿ ಬೇಯುತ್ತಿತ್ತು. ನಾನು ದೊಡ್ಡ ಟೋಪಿನಲ್ಲಿ ಬಂಗುಡೆ ಸಾರಿಗೆ ಇಟ್ಟೆ, ಮನೆಯಲ್ಲಿ ಅರೆದ ಮಸಾಲೆಯನ್ನು ನಡುವಿನ ಟೋಪಿನಲ್ಲಿ ತಂದಿದ್ದೆ. ಬಾಣಲೆಯಲ್ಲಿ ತೊಂಡೆಕಾಯಿ ಪಲ್ಯ. ದಾರಿಯಲ್ಲಿ ಇನ್ನೊಂದು ಬೋಟು ಹಾದು ಅಲೆ ಬಂತು, ಬೆಂಚಿನವರು ಓ ಎಂದರು. ನನ್ನ ಸಾರು ಒಳಗೇ ಒಂದು ಸುತ್ತು ಹಾಕಿ ನಿಂತಿತು. ಅನ್ನವನ್ನು ಬಸಿದೆ, ತೆಳಿ ಕ್ಯಾನಿಗೆ ಹೋಯಿತು, ಮುಚ್ಚಳ ಬಿತ್ತು. ಒಂದು ಚಮಚವೂ ಉರುಳಲಿಲ್ಲ. ಅಕ್ಕನ ಮಗ ಬಾಗಿಲಿನಿಂದ ಇಣುಕಿ, ಭಾರಿ ಉಂಟು ಚಿಕ್ಕಮ್ಮ ಎಂದ. ನನಗೆ ನೆಲ ಕಾಣಲಿಲ್ಲ, ಅಷ್ಟು ಹೆಮ್ಮೆ.

ಬಡಿಸಿದೆ. ಎಲ್ಲರೂ ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯ ತುತ್ತಿಗೆ ಅಕ್ಕನ ಮಗನ ಮಾವ ತಟ್ಟೆ ನೋಡುತ್ತಾ, "ಸ್ವಲ್ಪ ಸಪ್ಪೆ ಉಂಟಾ ಅಂತ" ಎಂದರು.

ಸ್ವಲ್ಪ ಅಲ್ಲ. ಸಾರಿಗೆ ಒಂದು ಹರಳು ಉಪ್ಪು ಬಿದ್ದಿರಲಿಲ್ಲ, ಪಲ್ಯಕ್ಕೂ ಇಲ್ಲ. ಮನೆಯ ಅಡುಗೆಯಲ್ಲಿ ನನಗೆ ಈ ಮರೆವು ಎಂದೂ ಆದದ್ದಿಲ್ಲ, ಅಲ್ಲಿ ಕೈ ತಾನಾಗಿ ಉಪ್ಪಿನ ಭರಣಿಗೆ ಹೋಗುತ್ತದೆ. ಆದರೆ ಇದು ಕೆಲಸದ ಪಾತ್ರೆ, ಪಕ್ಕದ ಬೆಂಚಿನಲ್ಲಿ ಯಜಮಾನರು. ಎಲ್ಲ ಬೆಂದ ಮೇಲೆ ನಾನು ಸೌಟು ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತಿದ್ದೆ, ಆಮೇಲೆ ಇಳಿಸಿದ್ದೆ. ಯಾಕೆ ನಿಂತಿದ್ದೆ ಎಂದು ಆಗ ಹೊಳೆಯಿತು. ಉಪ್ಪಿಗಾಯ್ತು ಎಂದು ಕೂಗುವ ಗಳಿಗೆ ಅದು. ಬಾಯಿ ಕೂಗಲಿಲ್ಲ, ಕೈಯೂ ಹಾಕಲಿಲ್ಲ. ಹಾಕಲು ಉಪ್ಪೇ ಇರಲಿಲ್ಲ. ತಿಂಗಳಿಡೀ ಪೇಟೆ ಪೇಟೆ ಸುತ್ತಿ, ಗೇಣು ಅಳೆದು, ಸೌಟಿನ ಹಿಡಿಗೂ ಜಾಗ ಮಾಡಿದವಳು ಉಪ್ಪಿಗೆ ಒಂದು ಕರಡಿಗೆಯನ್ನೂ ತಂದಿರಲಿಲ್ಲ.

ಯಜಮಾನರು ನಗತೊಡಗಿದರು. "ಉಪ್ಪು ಹಾಕ್ಲಿಕ್ಕೆ ನಾನು ಬೇಕಲ್ಲಾ, ಪಾಪ" ಎಂದರು. ಬೆಂಚಿನವರೂ ನಕ್ಕರು. ನನಗೆ ಹೊಳೆಗೆ ಹಾರುವ ಎನಿಸಿತು.

"ಪರವಾಗಿಲ್ಲ ಚಿಕ್ಕಮ್ಮ, ಉಪ್ಪಿನಕಾಯಿ ಉಂಟು, ನಂಜಿಕೊಂಡು ಉಣ್ಣುವ" ಎಂದ ಅಕ್ಕನ ಮಗ. ಅವನ ದನಿಯಲ್ಲಿ ಕನಿಕರ ಇತ್ತು. ಆ ಕನಿಕರ ಕೇಳಿ ನನ್ನ ನಾಚಿಕೆ ಪೂರ್ತಿ ಹೋಯಿತು.

"ಯಾರೂ ಉಣ್ಣಬೇಡಿ" ಎಂದೆ. "ತಟ್ಟೆ ಕೆಳಗಿಡಿ. ಬೋಟು ದಡಕ್ಕೆ ಹಾಕು."

"ಈಗಲಾ?"

"ಈಗಲೇ."

ದಡದಲ್ಲಿ ಒಂದು ಮನೆಯ ಕಲ್ಲು ಮೆಟ್ಟಿಲಿತ್ತು, ಹೆಂಗಸೊಬ್ಬಳು ಬಟ್ಟೆ ಒಗೆಯುತ್ತಿದ್ದಳು. ಸೀರೆ ಎತ್ತಿ ಕಟ್ಟಿ ನಾನು ಮೊಣಕಾಲು ನೀರಿಗೆ ಇಳಿದೆ. ಅಕ್ಕಾ ಒಂದು ಮುಷ್ಟಿ ಉಪ್ಪು ಬೇಕಿತ್ತು ಎಂದೆ. ಅವಳು ಬೋಟನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಬಾಳೆ ಎಲೆಯ ಚೂರಿನಲ್ಲಿ ಕಲ್ಲುಪ್ಪು ತಂದು ಮೆಟ್ಟಿಲಿನ ಮೇಲಿಟ್ಟಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಾನು ಎತ್ತಿಕೊಂಡೆ.

ಬೋಟು ಹತ್ತಿ ಗೂಡಿನ ಬಾಗಿಲಿಗೆ ಬಂದಾಗ ಯಜಮಾನರು ಎದ್ದು ನಿಂತಿದ್ದರು. ಅಂಗಿಯ ತೋಳು ಮಡಚಿ, ಬಲಗೈ ಮುಂದೆ ಚಾಚಿದ್ದರು. ತಮಾಷೆಗಲ್ಲ. ಪಾತ್ರೆ ಇದೆ, ಉಪ್ಪು ಬಂದಿದೆ, ಆ ಕೈ ತಾನಾಗಿ ಚಾಚಿತ್ತು.

"ಕೊಡು ಇಲ್ಲಿ."

"ಕೊಡ್ಲಿಕ್ಕಿಲ್ಲ ಅಣ್ಣ."

ಅವರಿಗೆ ಅರ್ಥವಾಗಲಿಲ್ಲ. ಕೈ ಹಾಗೇ ಇತ್ತು.

"ಇದು ನನ್ನ ಒಲೆ" ಎಂದೆ. "ಕೈ ಹಿಂದೆ ತೆಗೀರಿ. ನೀವು ಇವತ್ತು ಉಣ್ಣಲಿಕ್ಕೆ ಬಂದವರು."

ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಅಷ್ಟು ಉದ್ದದ ಮಾತು ಹೇಳಿದ್ದು ಅದೇ ಮೊದಲು. ಬೆಂಚಿನಲ್ಲಿ ಒಬ್ಬರೂ ನಗಲಿಲ್ಲ. ಯಜಮಾನರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು ಕುಳಿತರು. ನಾನು ತಟ್ಟೆಗಳ ಸಾರನ್ನೆಲ್ಲ ಬಿಟ್ಟು, ಟೋಪಿನಲ್ಲಿ ಉಳಿದದ್ದನ್ನು ಮತ್ತೆ ಒಲೆಯ ಮೇಲಿಟ್ಟು, ಎಲೆಯಿಂದ ಉಪ್ಪು ತೆಗೆದು ಹಾಕಿದೆ. ಕತ್ತರಿಸಿದ ಸೌಟಿನಿಂದ ತಿರುಗಿಸಿ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದೆ. ಇನ್ನೂ ನಾಲ್ಕು ಹರಳು ಹಾಕಿದೆ. ಪಲ್ಯಕ್ಕೂ ಹಾಕಿ ನೀರು ಚಿಮುಕಿಸಿ ಮುಚ್ಚಿದೆ. ಕಡಿಮೆಯಾದ ಉಪ್ಪನ್ನು ಹಾಕಬಹುದು, ಹೆಚ್ಚಾದದ್ದನ್ನು ಯಾವ ಯಜಮಾನನೂ ತೆಗೆಯಲಾರ.

ಎರಡನೆಯ ಸಲ ಬಡಿಸಿದಾಗ ಮೀನು ಒಬ್ಬೊಬ್ಬರಿಗೆ ಒಂದೇ ತುಂಡು ಬಂತು. ಯಜಮಾನರು ತಲೆ ತಗ್ಗಿಸಿ ಉಂಡರು. ಅನ್ನಕ್ಕೆ ಮತ್ತೆ ಕೈ ತೋರಿಸಿದರು, ಸಾರಿಗೂ ತೋರಿಸಿದರು. ಉಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮ ಕೆಲಸದಲ್ಲಿ ಉಪ್ಪಿನ ಬಗ್ಗೆ ಯಾರೂ ಮಾತಾಡದಿದ್ದರೆ ಅದು ಸರಿಯಾಗಿದೆ ಎಂದು ಅರ್ಥ. ದಡಕ್ಕೆ ಬಂದ ಮೇಲೆ ಅಕ್ಕನ ಮಗ ಗೂಡಿನ ಬೀಗದ ಕೈಯನ್ನು ನನ್ನ ಕ್ಯಾನಿನ ಮುಚ್ಚಳದ ಮೇಲಿಟ್ಟು ಹೋದ.

ಮಾರನೆಯ ದಿನವೇ ಮೂಡುಬಿದಿರೆಗೆ ಹೋಗಿ ಒಂದು ಸಣ್ಣ ಭರಣಿ ತಂದೆ. ಒಲೆಯ ಬಲಗಡೆಯ ಹಲಗೆಯಲ್ಲಿ ಅದರ ತಳದ ಅಳತೆಗೆ ದುಂಡಗೆ ಕೊರೆಸಿ ಕೂರಿಸಿದ್ದೇನೆ. ಎಷ್ಟು ಅಲೆ ಬಂದರೂ ಅದು ಅಲ್ಲಾಡುವುದಿಲ್ಲ. ಈಗ ಹತ್ತು ಸಾಮಾನು.

ಮದುವೆಯ ಕಾಲ ಶುರುವಾದಾಗ ಯಜಮಾನರ ಫೋನು ಬಂತು. ಬೆಳುವಾಯಿಯಲ್ಲಿ ದೊಡ್ಡ ಮದುವೆ, ಜನ ಕಡಿಮೆ ಉಂಟು, ಬರ್ತೀಯಾ ಎಂದು ಕೇಳಿದರು. ಬೋಟಿಗೆ ಅವತ್ತು ಬಿಡುವಿತ್ತು.

"ಬರ್ತೇನೆ ಅಣ್ಣ. ಆದ್ರೆ ಒಂದು ಪಾತ್ರೆಗೆ ಉಪ್ಪು ನಾನೇ ಹಾಕುವುದು."

ಅವರು ಅಲ್ಲಿ ಯಾರಿಗೋ ಬೆಂಕಿ ಸಣ್ಣ ಮಾಡು ಎಂದು ಕೂಗಿದರು.

"ಯಾವ ಪಾತ್ರೆಗೆ?" ಎಂದರು.

"ಎಲ್ಲಕ್ಕಿಂತ ದೊಡ್ಡದಕ್ಕೆ" ಎಂದೆ.